ದೊರೆಸಾನಿಯ ತಟ್ಟೆ

ಸಾರಥಿ ಎಂಬ ಹಳ್ಳಿಯ ಒಂದು ಮನೆಯಲ್ಲಿ ಹೆರಿಗೆ ಮುಗಿಯುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿತ್ತು. ಮೂರನೆಯದೂ ಹೆಣ್ಣು. ಕೂಸು ಗಟ್ಟಿಯಾಗಿತ್ತು, ತಾಯಿಯೂ ಗಟ್ಟಿಯಾಗಿದ್ದಳು. ಆದರೆ ಅತ್ತೆ ಎನಿಸಿಕೊಂಡಾಕೆ ಕೂಸಿನ ಮುಖವನ್ನೂ ನೋಡದೆ ಎದ್ದು ಹೋಗಿ ಒಲೆಯ ಮುಂದೆ ಕೂತುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಕತ್ತರಿ, ದಾರ ಎಲ್ಲ ಒರೆಸಿ ಚೀಲಕ್ಕೆ ತುಂಬುತ್ತಿದ್ದಾಗ ಮನೆಯ ಯಜಮಾನ ಒಂದು ಸೀರೆ ತಂದು ಮುಂದೆ ಹಿಡಿದ. ಸರ್ಕಾರದ ಸಂಬಳ ತಿನ್ನುವ ದಾದಿ ನಾನು, ಸೀರೆ ಮುಟ್ಟುವಂತಿರಲಿಲ್ಲ. ಅಂಗಳದ ಮೂಲೆಯಲ್ಲಿ, ಹುಲ್ಲಿನ ಬಣವೆಯ ಬುಡದಲ್ಲಿ ನಾಯಿಯೊಂದು ಮರಿ ಹಾಕಿತ್ತು. ಬರುವಾಗಲೇ ನೋಡಿದ್ದೆ.

"ಸೀರೆ ಬ್ಯಾಡ್ರಿ. ಕೊಡಾದಾದ್ರೆ ಒಂದು ನಾಯಿಮರಿ ಕೊಡ್ರಿ," ಅಂದೆ.

"ಅಯ್ಯ, ಅದಕ್ಕೇನ್ರಿ ನರ್ಸಮ್ಮ! ಆ ಕೆಂದಂದು ಗಂಡು ಐತೆ, ತಗಂಡು ಹೋಗ್ರಿ. ಬಿಳಿ ಮೂತೀದು ಬ್ಯಾಡ, ಹೆಣ್ಣದು. ಅದನ್ನ ನಾಳೆ ಹೊಳಿ ಕಡೀಗೆ ಬಿಟ್ ಬರ್ತೀವಿ."

"ಹಂಗಾದ್ರೆ ನಂಗೆ ಹೆಣ್ಣೇ ಕೊಡ್ರಿ." ಒಲೆಯ ಮುಂದಿನ ಮುದುಕಿಗೆ ಕೇಳಲಿ ಎಂದೇ ಗಂಟಲೆತ್ತಿ ಹೇಳಿದೆ. ಕೋಣೆಯೊಳಗಿಂದ ಬಾಣಂತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಆಣೆ ಕಾಸುಗಳು ಹೋಗಿ ನಯಾಪೈಸೆ ಬಂದ ಹೊಸತು. ನಾನಿದ್ದದ್ದು ಹರಿಹರದಲ್ಲಿ, ಕಾಳಿನ ವ್ಯಾಪಾರದ ಮನೆತನವೊಂದರ ಬೀದಿ ಕಡೆಯ ಕೋಣೆಯಲ್ಲಿ ಬಾಡಿಗೆಗೆ. ಸುತ್ತಲಿನ ಹಳ್ಳಿಗಳ ಹೆರಿಗೆಗಳೆಲ್ಲ ನನ್ನ ಪಾಲಿಗೆ. ಬಸ್ಸು ಸಿಕ್ಕರೆ ಬಸ್ಸು, ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಗದ್ದೆಯ ಬದುವಿನ ಮೇಲೆ ನಡಿಗೆ. ಒಂಟಿ ಹೆಂಗಸು ಕಬ್ಬಿನ ಗದ್ದೆಯ ನಡುವೆ ಹೋಗುವಾಗ ಹಿಂದಿನಿಂದ ಕೆಮ್ಮುವವರು, ಸಿಳ್ಳೆ ಹಾಕುವವರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಕೊಡಲಿಕ್ಕೆ ನಾನೊಂದು ನಾಯಿ ಸಾಕಿದ್ದೆ. ಒಳ್ಳೆಯ ನಾಯಿ, ಕೊರಳಲ್ಲಿ ಲೈಸೆನ್ಸಿನ ಹಿತ್ತಾಳೆ ಬಿಲ್ಲೆಯೂ ಇತ್ತು. ಯಾರೋ ಬೀದಿಯಲ್ಲಿ ಎಸೆದ ವಿಷದ ರೊಟ್ಟಿ ತಿಂದು ಬಿಲ್ಲೆಯ ಸಮೇತ ಸತ್ತಿತು. ಯಾರು ಹಾಕಿದ್ದು ಎಂದು ಕೇಳಿದರೆ ಬೀದಿಗೆ ಬೀದಿಯೇ ಆಕಾಶ ನೋಡಿತು. ಇನ್ನೊಂದು ನಾಯಿ ಸಾಕಬೇಡ, ಅದೂ ಸಾಯುತ್ತದೆ ಎಂದು ಬುದ್ಧಿ ಹೇಳಿದವರೇ ಎಲ್ಲ. ಅದಕ್ಕೇ ಸಾಕಿದೆ. ಈ ಸಲ ಇದನ್ನು ಯಾರು ಸಾಯಿಸುತ್ತಾರೋ ನೋಡೇಬಿಡೋಣ ಎಂದುಕೊಂಡೇ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮನೆಯೊಡತಿ ಅಜ್ಜಿ ಹೊಸ್ತಿಲಲ್ಲೇ ತಡೆದಳು. ಹಣೆಯ ತುಂಬ ವಿಭೂತಿ, ಕಂಚಿನ ಗಂಟಲು. ಗಂಡು ಮಕ್ಕಳೆಲ್ಲ ಆಕೆಯ ಮುಂದೆ ಬಾಲ ಮುದುರಿಕೊಂಡೇ ಇರುತ್ತಿದ್ದರು.

"ಹೋದ ವರ್ಷ ಅತ್ತಿದ್ದು ಸಾಲ್ಲಿಲ್ಲೇನವ್ವ ನಿಂಗೆ? ಮತ್ತ ತಂದ್ಯಾ? ಅದೂ ಹೆಣ್ಣು! ನಾಳೆ ಊರಿನ ಗಂಡು ನಾಯೆಲ್ಲ ನಮ್ಮ ಬಾಗಿಲಾಗೇ ಇರ್ತಾವು."

"ಬಂದ್ರೆ ನಾನೇ ಓಡಿಸ್ತೀನಿ ಬಿಡ್ರಿ ಅಜ್ಜಿ."

"ಮೊಟ್ಟೆ ಮಾಂಸ ಒಳಗೆ ಬರಂಗಿಲ್ಲ. ನಡುಮನೆ ದಾಟಂಗಿಲ್ಲ."

ಒಪ್ಪಿಕೊಂಡೆ. ನಾಯಿಗೆ ಮಾಂಸವೇ ಬೇಕೆಂದು ಯಾರು ಹೇಳಿದ್ದು? ರಾಗಿ ಗಂಜಿ, ಮಜ್ಜಿಗೆ, ಮೆತ್ತಗೆ ಬೇಯಿಸಿದ ಹೆಸರುಬೇಳೆಯ ಕಟ್ಟು, ಸ್ವಲ್ಪ ದೊಡ್ಡದಾದ ಮೇಲೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಬೇಳೆ ಕಟ್ಟಿಗೆ ನಾಯಿಗೆ ಆಗದ ಈರುಳ್ಳಿ ಬೀಳದಂತೆ ನೋಡಿಕೊಳ್ಳುತ್ತಿದ್ದೆ. ಹಳ್ಳಿಯಲ್ಲಿ ಯಾರಾದರೂ ಮೊಟ್ಟೆ ಕೊಟ್ಟರೆ ಅಲ್ಲೇ, ಬೇಲಿಯ ಪಕ್ಕದಲ್ಲೇ ಒಡೆದು ಕುಡಿಸಿ, ಮೂತಿ ಒರೆಸಿ ಮನೆಗೆ ಕರೆತರುತ್ತಿದ್ದೆ. ಉಣ್ಣೆ ಹುಳ ಕಚ್ಚಿಕೊಂಡರೆ ಬೇವಿನೆಣ್ಣೆ ಸವರಿ, ಒಂದೊಂದನ್ನೇ ಚಿಮುಟದಿಂದ ತಲೆ ಸಮೇತ ಕಿತ್ತು ಉಪ್ಪುನೀರಿಗೆ ಹಾಕುತ್ತಿದ್ದೆ. ವಾರಕ್ಕೊಮ್ಮೆ ಹೊಳೆಯಲ್ಲಿ ಸ್ನಾನ. ನನ್ನ ಸಂಬಳದಲ್ಲಿ ಹಾಲಿನವನಿಗೆ ಕೊಡುವುದು ಹೆಚ್ಚಾಗಿ, ನಾನು ಕಾಫಿ ಬಿಟ್ಟೆ. ಬಿಟ್ಟದ್ದನ್ನು ನಾಲ್ಕು ಜನಕ್ಕೆ ಹೇಳಿಕೊಂಡೂ ತಿರುಗಿದೆ, ಸುಮ್ಮನೆ ತ್ಯಾಗ ಮಾಡುವ ಪೈಕಿ ನಾನಲ್ಲ.

ಹುಚ್ಚುನಾಯಿ ಕಾಯಿಲೆಯ ಸೂಜಿ ಹಾಕಿಸಲು ದಾವಣಗೆರೆಯ ದನದ ಆಸ್ಪತ್ರೆಗೇ ಹೋಗಬೇಕಿತ್ತು. ರೈಲಿನಲ್ಲಿ ನಾಯಿಯನ್ನು ಜನರ ಜೊತೆ ಕೂರಿಸುವಂತಿಲ್ಲ. ಗಾರ್ಡಿನ ಡಬ್ಬಿಯಲ್ಲಿ ನಾಯಿಗೆಂದೇ ಒಂದು ಕಬ್ಬಿಣದ ಗೂಡಿತ್ತು, ಅದಕ್ಕೆ ಬೇರೆ ಟಿಕೇಟು. ಅದರ ಟಿಕೇಟೇ ನನ್ನ ಟಿಕೇಟಿಗಿಂತ ಹೆಚ್ಚು! ಗಾರ್ಡು ಚೀಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀವು ಮೂರನೇ ಕ್ಲಾಸಿನಾಗೆ ನಿಂತ್ಕಂಡು ಬರಾದು, ಇದು ತನ್ನ ರೂಮಿನಾಗೆ ಮಲಿಕ್ಕಂಡು ಬರಾದು. ದೊರೆಸಾನಿ ಅಲ್ಲೇನ್ರಿ ಇದು!"

ಅವತ್ತಿನಿಂದ ಅದರ ಹೆಸರು ದೊರೆಸಾನಿ ಎಂದಾಯಿತು.

ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಿ, ಹಲ್ಲು ಒಸಡು ನೋಡಿ, ಹುಳುವಿನ ಔಷಧಿ ಕೊಟ್ಟರು. ನಾನು ಹಳೆಯ ನಾಯಿಯ ಸಂಗತಿ ಹೇಳಿದೆ. ಅವರು ಕೈ ತೊಳೆಯುತ್ತಲೇ, "ಹುಚ್ಚಿಗೆ ಸೂಜಿ ಐತಮ್ಮ, ವಿಷಕ್ಕೆ ಇಲ್ಲ. ಕಂಡವರು ಕೊಟ್ಟಿದ್ದು ತಿನ್ನದಂಗೆ ಕಲಿಸ್ರಿ, ಅದೊಂದೇ ದಾರಿ," ಎಂದರು. ಹೇಗೆ ಕಲಿಸಬೇಕೆಂದು ಕೇಳಿದೆ. ಸೇನೆಯ ನಾಯಿಗಳಿಗೆ ಕಲಿಸುತ್ತಾರಂತೆ, ತಾವು ನೋಡಿಲ್ಲ ಎಂದರು. ಸರಿ, ಸೇನೆಯವರಿಗೆ ಬರುವುದು ನನಗ್ಯಾಕೆ ಬರುವುದಿಲ್ಲ? ಪೇಟೆಗೆ ಹೋಗಿ ಒಂದು ಅಲ್ಯುಮಿನಿಯಂ ತಟ್ಟೆ, ಒಂದು ಚರ್ಮದ ಪಟ್ಟಿ, ಒಂದು ಚೀಲ ಮಂಡಕ್ಕಿ ಕೊಂಡುಕೊಂಡು ವಾಪಸ್ಸು ಬಂದೆ.

ಕಾಯಿದೆ ಎರಡೇ ಎರಡು. ತಟ್ಟೆಯಲ್ಲಿದ್ದರೆ ಮಾತ್ರ ಊಟ, "ಉಣ್ಣು" ಎಂದರೆ ಮಾತ್ರ ಬಾಯಿ ಹಾಕಬೇಕು. ಮೊದಲು ತಟ್ಟೆ ಇಟ್ಟು ಅಂಗೈ ಅಡ್ಡ ಹಿಡಿಯುತ್ತಿದ್ದೆ. ನುಗ್ಗಿದರೆ ತಟ್ಟೆ ಮೇಲಕ್ಕೆ. ಕೂತರೆ ಕೆಳಕ್ಕೆ. ನನ್ನ ಮುಖ ನೋಡಿದರೆ "ಉಣ್ಣು". ಅದು ಬೇಗ ಕಲಿಯಿತು. ಆಮೇಲೆ ನೆಲದ ಮೇಲೆ ಮಂಡಕ್ಕಿ ಚೆಲ್ಲಿ, ಪಟ್ಟಿಯನ್ನು ಗಿಡ್ಡಕ್ಕೆ ಹಿಡಿದು ಅದರ ಮೇಲೆ ನಡೆಸುತ್ತಿದ್ದೆ. ಮೂತಿ ಬಗ್ಗಿಸಿದರೆ "ಬ್ಯಾಡ". ಬಿಟ್ಟು ಬಂದರೆ ತಟ್ಟೆಯಲ್ಲಿ ಬೆಲ್ಲ ಕಲಸಿದ ಮಂಡಕ್ಕಿ. ಕೋಣೆಯಿಂದ ಜಗಲಿಗೆ, ಜಗಲಿಯಿಂದ ಬೀದಿಗೆ, ಬೀದಿಯಿಂದ ಸಂತೆಗೆ, ಹೀಗೆ ಪಾಠ ಬೆಳೆಯಿತು. ಸಿಟ್ಟು ಬಂದ ದಿನ ಕಲಿಸುತ್ತಿರಲಿಲ್ಲ. ಅದರಿಂದ ಎಷ್ಟೋ ದಿನ ಪಾಠ ತಪ್ಪುತ್ತಿತ್ತು, ಯಾಕೆಂದರೆ ನನಗೆ ಸಿಟ್ಟು ಬರದ ದಿನವೇ ಕಡಿಮೆ.

ನಾನಿಲ್ಲದಾಗ ಏನು ಗತಿ? ಪಟ್ಟಿ ನನ್ನ ಕೈಯಲ್ಲಿದ್ದಾಗ ಒಳ್ಳೆಯದಾಗಿರುವುದು ದೊಡ್ಡ ಮಾತಲ್ಲ. ಅಂಗಡಿಯಿಂದ ಕ್ವಿನೈನ್ ಪುಡಿ ತಂದೆ. ಚಳಿಜ್ವರಕ್ಕೆ ಅದನ್ನು ನುಂಗಿದವರಿಗೆ ಗೊತ್ತು ಅದರ ಕಹಿ. ಚಿಟಿಕೆಯಷ್ಟನ್ನು ಬೆಲ್ಲ ಸವರಿದ ರೊಟ್ಟಿ ಚೂರಿನೊಳಗೆ ಮಡಚಿ ಬೀದಿಯಲ್ಲಿ ಹಾಕಿ, ದೊರೆಸಾನಿಯನ್ನು ಬಿಟ್ಟೆ. ಗಬಕ್ಕನೆ ಬಾಯಿಗೆ ಹಾಕಿಕೊಂಡಿತು, ನೊರೆ ಉಗುಳಿ ಮೂತಿಯನ್ನು ನೆಲಕ್ಕೆ ಉಜ್ಜಿಕೊಂಡಿತು. ನಾಲ್ಕಾರು ಸಲ ಆದ ಮೇಲೆ ಮುಟ್ಟುವುದನ್ನೇ ಬಿಟ್ಟಿತು. ಗೆದ್ದೆ ಎಂದುಕೊಂಡು ಹಿಗ್ಗಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅಜ್ಜಿ ಜಗಲಿಯ ಕಲ್ಲಿನ ಮೇಲೆ ಇಟ್ಟ ರೊಟ್ಟಿಯನ್ನು ಬಾಲ ಅಲ್ಲಾಡಿಸುತ್ತ ಕುಶಾಲಾಗಿ ತಿನ್ನುತ್ತಿದೆ! ಆಗ ಹೊಳೆಯಿತು. ಕಹಿ ರೊಟ್ಟಿಗೆಲ್ಲ ನನ್ನ ಕೈಯ ವಾಸನೆ ಇತ್ತು. ನೆಲದಲ್ಲಿ ಬಿದ್ದದ್ದು ಕಹಿ ಎಂದಲ್ಲ, ನಾನು ನೆಲಕ್ಕೆ ಹಾಕಿದ್ದು ಕಹಿ ಎಂದು ಅದು ಕಲಿತಿತ್ತು. ಊರವರನ್ನೆಲ್ಲ ನಂಬಿ ನನ್ನೊಬ್ಬಳನ್ನು ಸಂಶಯದಿಂದ ನೋಡುವ ನಾಯಿಯನ್ನು ನಾನೇ ತಯಾರು ಮಾಡಿದ್ದೆ.

ಆ ಬೀದಿಯ ಪದ್ಧತಿಯೇ ಹಾಗೆ. ಒಲೆಯಿಂದ ಇಳಿದ ಮೊದಲ ರೊಟ್ಟಿ ನಾಯಿಗೆ. ಅಜ್ಜಿಯಂತೂ ಲಿಂಗಪೂಜೆ ಮುಗಿಸಿ, ಆ ರೊಟ್ಟಿಯನ್ನು ಕಲ್ಲಿನ ಮೇಲೆ ಇಟ್ಟು, ಯಾವುದಾದರೂ ನಾಯಿ ಬಂದು ಬಾಯಿ ಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೇ ತಾನು ಉಣ್ಣುತ್ತಿದ್ದಳು. ಮೊಂಡು ಬಾಲದ ಮುದಿ ನಾಯಿಯೊಂದು ಆಕೆಯ ಖಾಯಂ ಗಿರಾಕಿ. ವಿಷ ಹಾಕುವವರಿಗೂ ಈ ಪದ್ಧತಿ ಗೊತ್ತು. ಅದಕ್ಕೇ ಅವರು ರೊಟ್ಟಿಯಲ್ಲೇ ಹಾಕುತ್ತಿದ್ದರು.

ಬೇರೆ ಕೈ ಬೇಕಿತ್ತು. ಅಜ್ಜಿಯನ್ನೇ ಕೇಳಿದೆ. "ಈ ಪುಡಿ ಇಟ್ಟು ಒಂದೆರಡು ಚೂರು ನೀವೇ ಹಾಕ್ರಿ ಅಜ್ಜಿ. ವಿಷ ಅಲ್ಲ, ಬರೇ ಕಹಿ."

ಆಕೆ ನಾದುತ್ತಿದ್ದ ಹಿಟ್ಟನ್ನು ಮರದ ಕೊಣಮಿಗೆಗೆ ಕುಕ್ಕಿದಳು. "ಅನ್ನದಾಗೆ ಕಹಿ ಇಟ್ಟು ಕರಿಯಾದಾ? ಬಾ ಅಂತ ಕರದು ಬಾಯಿ ಕೆಡಸಾದಾ? ಈ ಕೈಲಿ ನಾನು ಅಂಥ ಕೆಲಸ ಮಾಡಿಲ್ಲ, ಮಾಡಾದೂ ಇಲ್ಲ. ಎದ್ದು ಹೋಗು."

"ನಾಳೆ ಯಾರೋ ವಿಷ ಇಟ್ಟು ಕರೀತಾರಲ್ರಿ, ಆಗ?"

"ಅವ್ರ ಪಾಪ ಅವ್ರಿಗೆ. ನಿನ್ನ ನಾಯಿ ಸಲುವಾಗಿ ನನ್ನ ರೊಟ್ಟಿಗೆ ಹೆಸರು ಕೆಡಸ್ಕಳಾಕೆ ಆಗಾದಿಲ್ಲ."

ಬೀದಿಯ ಬೇರೆ ಹೆಂಗಸರೂ ಕಿವಿ ಮುಚ್ಚಿಕೊಂಡರು. ಸರಿ, ಹರಿಹರ ಇಲ್ಲವಾದರೆ ಹಳ್ಳಿಗಳಿಲ್ಲವೇ? ಮರಿ ಆಗ ಬೆಳೆದು ನನ್ನ ಜೊತೆ ನಡೆಯುವಷ್ಟಾಗಿತ್ತು. ಕೂಸುಗಳ ತೂಕ ನೋಡಲು ಹೋದಲ್ಲೆಲ್ಲ ಆ ಮನೆಯ ರೊಟ್ಟಿಯನ್ನು ಆ ಮನೆಯವರ ಕೈಯಿಂದಲೇ ಮಡಚಿಸಿ ಹಾಕಿಸಿದೆ. ಸಾರಥಿಯ ಮೂರು ಹೆಣ್ಣಿನ ತಾಯಿ ಮೊದಲು ಕೈ ಚಾಚಿದಳು. "ಇತ್ತ ತರ್ರಿ ನರ್ಸಮ್ಮ. ನಮ್ಮನೇಲಿ ಹುಟ್ಟಿದ ಹುಡುಗಿ, ನಾನಲ್ದೆ ಯಾರು ಬುದ್ಧಿ ಕಲಿಸ್ಬೇಕು?" ಅಂದಳು. ಅವಳ ಅತ್ತೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು, ಎಲ್ಲರಿಗಿಂತ ಹುರುಪಿನಿಂದ ರೊಟ್ಟಿ ಎಸೆದಳು. ದೊರೆಸಾನಿ ಉಗುಳಿದಾಗಲೆಲ್ಲ ಮುದುಕಿ ಬಿದ್ದು ಬಿದ್ದು ನಗುತ್ತಿದ್ದಳು. ಮಲೆಬೆನ್ನೂರಿನ ಬಸ್ಸು ನಿಲ್ಲುವಲ್ಲಿ ಟೀ ಅಂಗಡಿಯವನು, ಗದ್ದೆಯಲ್ಲಿ ನಾಟಿ ಹಾಕುವವರು, ಗಾಡಿ ಹೊಡೆಯುವವರು, ಸಿಕ್ಕವರನ್ನೆಲ್ಲ ಮೇಷ್ಟ್ರು ಮಾಡಿದೆ. ಆ ವರ್ಷದ ಮಳೆ ಮುಗಿಯುವ ಹೊತ್ತಿಗೆ ದೊರೆಸಾನಿ ಹೋಳಿಗೆ ಎಸೆದರೂ ಮೂಸಿ, ಮುಖ ತಿರುಗಿಸಿ, ಕೋಣೆಯ ಮುಂದೆ ಬಂದು ತನ್ನ ತಟ್ಟೆ ಇಡುವ ಜಾಗದಲ್ಲಿ ಕೂರುತ್ತಿತ್ತು.

ಅದರಿಂದ ಹತ್ತಿದ್ದು ಜಗಳ. ಒಂದು ಸೋಮವಾರ ಅಜ್ಜಿ ಪೂಜೆಯ ಪ್ರಸಾದವೆಂದು ಸಜ್ಜಕದ ಉಂಡೆಯನ್ನು ದೊರೆಸಾನಿಯ ಮುಂದೆ ಇಟ್ಟಳು. ಅದು ಒಮ್ಮೆ ನೋಡಿತು, ಮುಖ ಆ ಕಡೆ ಮಾಡಿತು. ಅಜ್ಜಿ ಇನ್ನೂ ಹತ್ತಿರ ಸರಿಸಿದಳು. ಅದು ಎದ್ದು ಹೋಗಿ ದೂರ ಕೂತಿತು. ಬೀದಿಯ ಹೆಂಗಸರು ನೋಡುತ್ತಿದ್ದರು.

"ಪ್ರಸಾದಕ್ಕೆ ಮುಖ ತಿರಿವಿತು ನೋಡು! ಇದೇ ಏನು ನೀನು ಕಲ್ಸಿದ್ದು? ಕೊಟ್ಟಿದ್ದು ತಿನ್ನದ ಸೊಕ್ಕು ನಾಯಿಗೆ ಎಲ್ಲಿಂದ ಬರ್ತೈತೆ? ಸಾಕಿದಾಕಿದೇ ಬಂದೈತೆ!"

"ಹೌದ್ರಿ, ನಂದೇ. ನನ್ನ ಸೊಕ್ಕು ಅದನ್ನ ಉಳಿಸಿದ್ರೆ ಸಾಕು."

"ಬರೋ ಅಮಾಸಿ ಒಳಗೆ ಒಂದು ತೀರ್ಮಾನ ಮಾಡು. ನಾಯಿ ಬೇಕೋ, ಮನೆ ಬೇಕೋ?"

"ಎರಡೂ ಬೇಕ್ರಿ ಅಜ್ಜಿ."

ಹಾಗೆ ಹೇಳಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಒಂಟಿ ಹೆಂಗಸಿಗೆ, ಅದರಲ್ಲೂ ನಾಯಿ ಇರುವವಳಿಗೆ, ಆ ಊರಿನಲ್ಲಿ ಮನೆ ಸಿಗುವುದು ಸುಲಭವಿರಲಿಲ್ಲ. ಆದರೂ ಒಂದು ದಿನವೂ ಬೇರೆ ಮನೆ ಹುಡುಕಲಿಲ್ಲ.

ಅಮಾವಾಸ್ಯೆಗೆ ಇನ್ನೂ ದಿನಗಳಿದ್ದಾಗಲೇ ಊರಿನಲ್ಲಿ ಹುಚ್ಚುನಾಯಿಯ ಗುಲ್ಲು ಎದ್ದಿತು. ಸಂತೆಯಲ್ಲಿ ಒಬ್ಬನನ್ನು ಕಚ್ಚಿತಂತೆ, ಅವನನ್ನು ಹೊಟ್ಟೆಗೆ ಸೂಜಿ ಹಾಕಿಸಲು ಕರೆದೊಯ್ದರಂತೆ. ಇನ್ನು ಬೀದಿಗೆ ವಿಷದ ರೊಟ್ಟಿ ಬೀಳುತ್ತದೆ ಎಂದು ನನಗೆ ಗೊತ್ತಾಯಿತು. ಹೊರಗೆ ಹೋಗುವಾಗ ದೊರೆಸಾನಿಯನ್ನು ಕೋಣೆಯಲ್ಲಿ ಕೂಡಿ ಹಾಕಿ ಹೋಗುತ್ತಿದ್ದೆ, ಇಲ್ಲವೇ ಜೊತೆಗೇ ಒಯ್ಯುತ್ತಿದ್ದೆ.

ಅವತ್ತು ಬೆಳಿಗ್ಗೆ ಹೊಳೆಯಿಂದ ಸ್ನಾನ ಮುಗಿಸಿ ಬರುತ್ತಿದ್ದೆವು. ಬೀದಿ ತಿರುವಿನಲ್ಲಿ ಒದ್ದೆ ಪಟ್ಟಿ ನನ್ನ ಕೈಯಿಂದ ಜಾರಿತು, ದೊರೆಸಾನಿ ಮನೆಯ ಕಡೆ ಓಡಿತು. ನಾನು ಹಿಂದೆಯೇ ಓಡಿದೆ. ಅಜ್ಜಿಯ ಕಲ್ಲಿನ ಬುಡದಲ್ಲಿ ಮೊಂಡು ಬಾಲದ ಮುದಿ ನಾಯಿ ಬಿದ್ದು ಕಾಲು ಸೆಟೆದು ಒದ್ದಾಡುತ್ತಿತ್ತು. ಕಲ್ಲಿನ ಮೇಲೆ ಅಜ್ಜಿಯ ತೆಳ್ಳನೆಯ ರೊಟ್ಟಿಯ ಪಕ್ಕದಲ್ಲಿ ಇನ್ನೊಂದು ದಪ್ಪ ರೊಟ್ಟಿಯ ತುಂಡು, ಮೇಲೆ ಬೆಲ್ಲ. ದೊರೆಸಾನಿ ಅದರ ಮೇಲೇ ಮೂತಿ ಇಟ್ಟು ನಿಂತಿತ್ತು. "ಬ್ಯಾಡ" ಎಂದು ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಮೂಸಿತು, ಸೀನಿತು, ತಿರುಗಿ ನನ್ನ ಕೋಣೆಯ ಬಾಗಿಲಿಗೆ ಬಂದು ತಟ್ಟೆಯ ಜಾಗದಲ್ಲಿ ಕೂತಿತು. ಅದನ್ನು ತಬ್ಬಿಕೊಂಡು ಅಳಬೇಕೆನಿಸಿತು, ಅಷ್ಟು ಹೊತ್ತಿರಲಿಲ್ಲ. ಒಳಗೆ ನೂಕಿ ಚಿಲಕ ಹಾಕಿ, ಮುದಿ ನಾಯಿಗೆ ವಾಂತಿ ಮಾಡಿಸಲು ಉಪ್ಪುನೀರು ತಂದೆ. ಕಚ್ಚಿ ಹಿಡಿದ ದವಡೆಯನ್ನು ಬಿಡಿಸಲಾಗಲಿಲ್ಲ. ನನ್ನ ಮಡಿಲ ಪಕ್ಕದಲ್ಲೇ ಅದರ ಜೀವ ಹೋಯಿತು. ಅಜ್ಜಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಬೀದಿಯಲ್ಲಿ ಇನ್ನೂ ಕೆಲವು ನಾಯಿಗಳು ಸತ್ತಿದ್ದವು. ಜನ ಸೇರಿದರು. ವಿಷ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಕಲ್ಲನ್ನು ನೋಡಿದರು, ಅಜ್ಜಿಯ ಮುಖ ನೋಡಿದರು.

"ದಿನಾ ಇಲ್ಲೇ ತಿಂತಿತ್ತು, ಇಲ್ಲೇ ಸತ್ತೈತೆ."

"ಮುದುಕಿಗೆ ಬ್ಯಾಸರ ಆಗಿತ್ತೇನೋ."

"ನರ್ಸಮ್ಮನ ನಾಯಿ ಮುಂಚೇನೇ ಕಂಡಿತ್ತು ನೋಡ್ರಿ, ಅದಕ್ಕೇ ಆ ಕೈಯಾಗಿನ ಪ್ರಸಾದನೂ ಬ್ಯಾಡ ಅಂದಿದ್ದು."

ನಾನು ಎದ್ದು ನಿಂತು ದಪ್ಪ ರೊಟ್ಟಿಯನ್ನೂ ತೆಳ್ಳನೆಯದನ್ನೂ ಎತ್ತಿ ತೋರಿಸಿದೆ, ಗಂಟಲು ಹರಿಯುವಂತೆ ಬೈದೆ. ಯಾರಿಗೆ ಬೇಕು? ಅಷ್ಟು ದಿನ ಬೀದಿಯನ್ನೆಲ್ಲ ಗದರಿಸಿ ಆಳಿದ್ದ ಅಜ್ಜಿ ಒಂದು ಮಾತೂ ಆಡದೆ ಒಳಗೆ ಹೋದಳು.

ಮರುದಿನ ಆಕೆ ಕಲ್ಲನ್ನು ತೊಳೆದು ರೊಟ್ಟಿ ಇಟ್ಟಳು. ಉಳಿದ ನಾಯಿಗಳನ್ನು ಜನ ಕಟ್ಟಿ ಹಾಕಿದ್ದರು, ಯಾವುದೂ ಬರಲಿಲ್ಲ. ರೊಟ್ಟಿ ಬಿಸಿಲಿಗೆ ಒಣಗಿ ಸುರುಳಿಯಾಯಿತು. ಅಜ್ಜಿ ಉಣ್ಣಲಿಲ್ಲ. ಅದರ ಮರುದಿನವೂ ಹಾಗೇ. ಮಕ್ಕಳು ಕೈ ಮುಗಿದರು, ಸೊಸೆಯಂದಿರು ಅತ್ತರು. ನಾಯಿ ಬಾಯಿ ಹಾಕದೆ ಆಕೆ ನೀರಿನ ಹೊರತು ಏನನ್ನೂ ಮುಟ್ಟುವುದಿಲ್ಲ ಎಂದಳಂತೆ. ಮೂರನೆಯ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು.

"ನಿನ್ನ ದೊರೆಸಾನಿ ನನ್ನ ರೊಟ್ಟಿ ತಿಂತಾಳೇನು ಕೇಳು."

ಒಂದು ಕೈ ಒಪ್ಪಿದರೆ ನಾಳೆ ಹತ್ತು ಕೈ ಒಪ್ಪೀತು. ಇಷ್ಟು ದಿನ ಕಲಿಸಿದ್ದೆಲ್ಲ ಒಂದು ರೊಟ್ಟಿಗೆ ಹೋದರೆ? ಬೀದಿಯಲ್ಲಿ ವಿಷ ಹಾಕಿದವನು ಇನ್ನೂ ಇದ್ದಾನೆ. ಆದರೆ ಆ ವಿಷ ಹಾಕಿದವನೇ ಈ ಮುದುಕಿಯನ್ನೂ ಉಪವಾಸ ಕೊಲ್ಲುತ್ತಿದ್ದ, ಅದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ತಟ್ಟೆಯನ್ನು ತಂದು ಆಕೆಯ ಕೈಗೆ ಕೊಟ್ಟೆ.

"ಕಲ್ಲಿನ ಮ್ಯಾಲೆ ಬ್ಯಾಡ್ರಿ ಅಜ್ಜಿ. ಇದ್ರಾಗೆ ಹಾಕ್ರಿ. ಉಣ್ಣು ಅಂತ ನೀವೇ ಹೇಳ್ಬೇಕು. ಅದು ತಿಂದ್ರೆ ತಿಂತು, ಇಲ್ಲಾಂದ್ರೆ ಇಲ್ಲ. ನಾನು ಬಾಯಿ ಬಿಡಾದಿಲ್ಲ."

"ಒಳಗೆ ಬ್ಯಾಡ," ಅಂದಳು ಅಜ್ಜಿ. "ಜಗಲಿ ಮ್ಯಾಲೆ. ಎಲ್ರೂ ನೋಡ್ಲಿ."

ಅಂಗಡಿಗಳ ಬಾಗಿಲು ತೆಗೆಯುವ ಹೊತ್ತು. ಅಜ್ಜಿ ತಟ್ಟೆಯನ್ನು ಬೂದಿ ಹಾಕಿ ತಿಕ್ಕಿ, ಬಿಸಿ ರೊಟ್ಟಿ ಹಿಡಿದು ಜಗಲಿಗೆ ಬಂದು ಕೂತಳು. ಹೋಗುವವರೆಲ್ಲ ನಿಂತರು. ದೊರೆಸಾನಿ ಎದುರಿಗೆ ಕೂತಿತು. ಅಜ್ಜಿ ತಟ್ಟೆ ಇಟ್ಟು "ಉಣ್ಣು" ಎಂದಳು. ಅದು ನನ್ನ ಮುಖ ನೋಡಿತು. ನಾನು ಗೋಡೆಯ ಕಡೆ ತಿರುಗಿದೆ. ಮತ್ತೆ "ಉಣ್ಣು" ಎಂದಳು. ಅಲ್ಲಾಡಲಿಲ್ಲ. ಗುಂಪಿನಲ್ಲಿ ಯಾರೋ ನಕ್ಕರು. ನನ್ನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು, ಹಲ್ಲು ಕಚ್ಚಿ ತಡೆದೆ.

ಆಗ ಅಜ್ಜಿ ತಟ್ಟೆಯಿಂದ ರೊಟ್ಟಿಯನ್ನು ಎತ್ತಿಕೊಂಡು ಎರಡು ಭಾಗ ಮಾಡಿದಳು. ನಾಯಿಯ ತಟ್ಟೆಯಿಂದ ಎತ್ತಿದ ಆ ಅರ್ಧ ರೊಟ್ಟಿಯನ್ನು, ಲಿಂಗಪೂಜೆ ಮಾಡಿ ಎದ್ದುಬಂದ ಆ ಹೆಂಗಸು, ಬೀದಿಯ ಎದುರಿಗೆ ತನ್ನ ಬಾಯಿಗೆ ಇಟ್ಟುಕೊಂಡಳು. ಜೀವಮಾನದ ಪದ್ಧತಿ ಮುರಿದು, ನಾಯಿಗಿಂತ ಮುಂಚೆ ಉಂಡಳು. ನಿಧಾನಕ್ಕೆ ಅಗಿದು, ನುಂಗಿ, ಉಳಿದ ಅರ್ಧವನ್ನು ತಟ್ಟೆಯಲ್ಲಿಟ್ಟಳು.

"ಉಣ್ಣು ನಮ್ಮವ್ವಾ."

ದೊರೆಸಾನಿ ಆಕೆಯ ಮುಖವನ್ನು ನೋಡಿತು. ಆಮೇಲೆ ತಲೆ ಬಗ್ಗಿಸಿ ತಿಂದಿತು.

ಅಜ್ಜಿ ಎದ್ದು ನಿಂತಳು. ಕಂಚಿನ ಗಂಟಲು ವಾಪಸ್ಸು ಬಂದಿತ್ತು. "ಕಣ್ ಬಿಟ್ ನೋಡ್ರಿ ಎಲ್ರೂ! ಇಟ್ಟೋನು ಯಾವನಾದ್ರೂ ನಿಂತಿದ್ರೆ ಅವ್ನೂ ನೋಡ್ಲಿ! ನಾಳೇನೂ ಇಡ್ತೀನಿ, ನಾಡಿದ್ದೂ ಇಡ್ತೀನಿ, ಇಲ್ಲೇ ಕುಂತು ತಿನ್ನಿಸ್ತೀನಿ. ಏನ್ ಮಾಡ್ಕಂತೀರಿ ಮಾಡ್ಕಳ್ರಿ!"

ಗುಂಪು ಕರಗಿತು. ನಾನು ತಟ್ಟೆ ತೆಗೆದುಕೊಳ್ಳಲು ಕೈ ಚಾಚಿದೆ. ಆಕೆ ಅದನ್ನು ಸೆರಗಿನಲ್ಲಿ ಒರೆಸಿ ಕಂಕುಳಲ್ಲಿ ಇರುಕಿಕೊಂಡಳು.

"ನಾಳಿದ್ದು ಅಮಾಸಿ ಐತಲ್ರಿ ಅಜ್ಜಿ," ಅಂದೆ. "ಮನೆ ಖಾಲಿ ಮಾಡಾಕೆ ಹೇಳಿದ್ರಿ."

ಅಜ್ಜಿ ಆಗಲೇ ಹೊಸ್ತಿಲು ದಾಟಿ ಒಳಗೆ ಹೊರಟಿದ್ದಳು. ದೊರೆಸಾನಿ ಆಕೆಯ ಹಿಂದೆಯೇ ಹೋಗುತ್ತಿತ್ತು, ನಡುಮನೆಯ ಕಡೆಗೆ. ಆಕೆ ಅದನ್ನು ತಡೆಯಲಿಲ್ಲ. ತಿರುಗಿಯೂ ನೋಡದೆ ಅಂದಳು:

"ನೀನು ಬೇಕಾದ್ರೆ ಹೋಗವ್ವ. ತಟ್ಟೆ ಇಲ್ಲೇ ಇರ್ತೈತೆ."